ಕ್ರಿಯಾಪದದ ಬಾಲ

ಕೆಲವು ವರ್ಷಗಳ ಹಿಂದಿನ ಮಾತು. ಇಂಗ್ಲಿಷ್ ಅಧ್ಯಾಪಕರು ರಜೆಯ ಮೇಲಿದ್ದುದರಿಂದ ಅವರ ತಾಸು ಕನ್ನಡ ಪಂಡಿತನಾದ ನನ್ನ ಪಾಲಿಗೆ ಬಂದಿತ್ತು. 'ಶಿ ಗೇವ್ ಅಪ್ ಸ್ಕೂಲ್' ಎಂಬ ವಾಕ್ಯವನ್ನು ಕನ್ನಡಿಸಲು ಹೇಳಿದೆ. ಮೂಡಲಗಿಯ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು 'ಅವಳು ಶಾಲೆಯನ್ನು ಮೇಲಕ್ಕೆ ಕೊಟ್ಟಳು' ಎಂದು ಬರೆದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಂದಿನಿಂದ ಅವಳು ಕೈ ಎತ್ತುವುದನ್ನು ನಿಲ್ಲಿಸಿದಳು. ಮರುವರ್ಷ ಬರಲೇ ಇಲ್ಲ. ಅವಳ ಗೆಳತಿಯನ್ನು ವಿಚಾರಿಸಿದಾಗ 'ಆಕಿ ಸಾಲಿ ಬಿಟ್ಟಬಿಟ್ಟಾಳ್ರೀ, ಸರ' ಎಂದಳು.

ಮನೆಯ ಕಾರಣಗಳು ಇದ್ದಿರಬಹುದು. ಆದರೆ ನಾನು ಅಂದು ಕೇಳಿದ ವಾಕ್ಯಕ್ಕೆ ಸರಿಯಾದ ಕನ್ನಡ ಇದೇ ಎಂಬುದು ಆಗ ಹೊಳೆಯಿತು. ನಾನು ನಿರೀಕ್ಷಿಸಿದ್ದುದು 'ಪರಿತ್ಯಜಿಸಿದಳು' ಎಂಬುದನ್ನು!

'ಬಿಟ್ಟುಬಿಟ್ಟಳು' ಎಂಬುದನ್ನು ಸ್ವಲ್ಪ ಬಿಡಿಸಿ ನೋಡಿ. ಮೊದಲನೆಯ 'ಬಿಡು'ವಿಗೆ ತೊರೆಯುವ ಅರ್ಥವಿದೆ. ಎರಡನೆಯದಕ್ಕೆ ಆ ಅರ್ಥವಿಲ್ಲ. ಕೆಲಸ ಮುಗಿದೇ ಹೋಯಿತು, ಇನ್ನು ತಿರುಗುವಂತಿಲ್ಲ ಎಂಬುದನ್ನಷ್ಟೇ ಅದು ಸೂಚಿಸುತ್ತದೆ. 'ಗಿವ್ ಅಪ್' ಎಂಬಲ್ಲಿಯ 'ಅಪ್' ಕೂಡ ಹಾಗೆಯೇ ಮೇಲಿನ ದಿಕ್ಕನ್ನು ಮರೆತ ಪದ. ಇಂಗ್ಲಿಷಿನವರು ಕ್ರಿಯೆಗೆ ಅವ್ಯಯದ ಬಾಲ ಕಟ್ಟುತ್ತಾರೆ, ನಾವು ಇನ್ನೊಂದು ಕ್ರಿಯೆಯನ್ನೇ ಕಟ್ಟುತ್ತೇವೆ.

ಈ ಬಾಲ ಇಂಗ್ಲಿಷಿನಲ್ಲಿ ಮೊದಲು ತಲೆಯಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ ಇಂಥ ಪದಗಳು ಬಹುಮಟ್ಟಿಗೆ ಧಾತುವಿನ ಹಿಂದೆ ಉಪಸರ್ಗವಾಗಿ ನಿಲ್ಲುತ್ತಿದ್ದವು. 'ಅಂಡರ್‌ಸ್ಟ್ಯಾಂಡ್', 'ಓವರ್‌ಕಮ್' ಎಂಬವು ಆ ಕಾಲದ ಉಳಿಕೆಗಳು. ಸಂಸ್ಕೃತ ಬಲ್ಲವರಿಗೆ ಇದು ಹೊಸದಲ್ಲ. 'ಹೃ' ಎಂಬ ಒಂದೇ ಧಾತು ಆಹಾರ, ವಿಹಾರ, ಸಂಹಾರ, ಪರಿಹಾರಗಳೆಂದು ಬೇರೆ ಬೇರೆ ವೇಷ ತೊಡುವುದನ್ನು ನಾವು ಬಾಯಿಪಾಠ ಮಾಡಿದವರೇ. ವೇದದ ಭಾಷೆಯಲ್ಲಿ ಉಪಸರ್ಗ ಧಾತುವನ್ನು ಅಗಲಿ ದೂರದಲ್ಲಿಯೂ ನಿಲ್ಲುತ್ತಿತ್ತು. ಇಂಗ್ಲಿಷಿನಲ್ಲಿ ಅದು ಕಾಲಕ್ರಮದಲ್ಲಿ ಕ್ರಿಯೆಯ ಮುಂದಕ್ಕೆ ಸರಿಯಿತು. ಫ್ರೆಂಚ್, ಲ್ಯಾಟಿನ್ ಮೂಲದ ಮಾತುಗಳು ಕಚೇರಿಗೂ ಗ್ರಂಥಕ್ಕೂ ಸಂದವು. ಬಾಲವುಳ್ಳ ಕ್ರಿಯೆಗಳು ಅಡಿಗೆಮನೆಯಲ್ಲಿಯೂ ಬೀದಿಯಲ್ಲಿಯೂ ಬೆಳೆದವು. ಸಭೆಯನ್ನು 'ಪೋಸ್ಟ್‌ಪೋನ್' ಮಾಡುವ ಅಧಿಕಾರಿ ಮನೆಯಲ್ಲಿ ಅದನ್ನೇ 'ಪುಟ್ ಆಫ್' ಎನ್ನುತ್ತಾನೆ.

1755ರಲ್ಲಿ ನಿಘಂಟು ಪ್ರಕಟಿಸಿದ ಡಾಕ್ಟರ್ ಜಾನ್ಸನ್ನರು ಪರದೇಶಿಯರಿಗೆ ಅತ್ಯಂತ ಕಷ್ಟವಾಗುವುದು ಈ ಜೋಡಣೆಯೇ ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. 'ಫ್ರೇಜಲ್ ವರ್ಬ್' ಎಂಬ ಹೆಸರನ್ನು 1925ರಲ್ಲಿ ಬಳಕೆಗೆ ತಂದವರು ಲೋಗನ್ ಪಿಯರ್ಸಲ್ ಸ್ಮಿತ್. ಸೂಚಿಸಿದವರು ಹೆನ್ರಿ ಬ್ರಾಡ್ಲಿ. ಬಳಿಕ 1930ರಲ್ಲಿ ಆಗ್ಡನ್ ಎಂಬುವರು 850 ಪದಗಳ ಸುಲಭ ಇಂಗ್ಲಿಷ್ ಒಂದನ್ನು ಕಟ್ಟಿ, ಅದರಲ್ಲಿ 18 ಕ್ರಿಯಾಪದಗಳನ್ನು ಮಾತ್ರ ಇಟ್ಟರು. ಉಳಿದ ಕೆಲಸವನ್ನೆಲ್ಲ ಬಾಲಗಳಿಗೆ ವಹಿಸಿದರು. ಪದ ಕಡಿಮೆಯಾಯಿತು, ನಿಜ. ಕಲಿಯುವವನ ಕಷ್ಟ ಕಡಿಮೆಯಾಯಿತೇ ಎಂಬುದು ನನಗೆ ಅನುಮಾನ.

ಇನ್ನು ನಮ್ಮ ನೆಲಕ್ಕೆ ಬರೋಣ. ಕಿಟೆಲ್ಲರ 1903ರ ವ್ಯಾಕರಣದಲ್ಲಿ 'ಕೊಳ್' ಧಾತು ಇನ್ನೊಂದು ಕ್ರಿಯೆಯೊಡನೆ ಸೇರಿ 'ತನಗಾಗಿ' ಎಂಬ ಅರ್ಥ ಕೊಡುವ ವಿಚಾರವಿದೆ. ಗೋಕಾಕ, ಹುಕ್ಕೇರಿಗಳ ಆಡುಮಾತಿನಲ್ಲಿ ಇದಕ್ಕಿಂತ ಸೊಗಸಾದದ್ದು 'ಹತ್ತು'. ಅಂಟು ಹತ್ತುತ್ತದೆ, ಬೆಂಕಿ ಹತ್ತುತ್ತದೆ. ಹಾಗೆಯೇ 'ಮಳಿ ಬರಾಕ ಹತ್ತೈತಿ'. ಕೆಲಸಕ್ಕೆ ಅಂಟಿಕೊಂಡುದು ಎಂಬ ಭಾವದಿಂದ ಕೆಲಸ ನಡೆಯುತ್ತಿದೆ ಎಂಬ ಅರ್ಥ ಹುಟ್ಟಿದೆ. ಹುಕ್ಕೇರಿ ತಾಲೂಕು ಮರಾಠಿಯ ನೆರೆಯಲ್ಲಿದೆ. ಮರಾಠಿಗರು 'ಪಾಊಸ ಪಡೂ ಲಾಗಲಾ', ಮಳೆ ಬೀಳತೊಡಗಿತು, ಎನ್ನುತ್ತಾರೆ. ಅವರ 'ಲಾಗಣೇ'ಗೂ ಅಂಟುವುದು, ತಗಲುವುದು ಎಂದೇ ಅರ್ಥ. ಯಾರಿಗೆ ಯಾರು ಕಲಿಸಿದರೆಂಬ ಜಗಳ ಬೇಡ. ಸಂಕೇಶ್ವರದ ಪೇಟೆಯಲ್ಲಿ ಎರಡು ನುಡಿಗಳೂ ಬಹುಕಾಲದಿಂದ ಭುಜಕ್ಕೆ ಭುಜ ತಾಗಿಸಿ ನಡೆದಿವೆ.

ನಾನೋ, ಮಕ್ಕಳ ನಿಬಂಧಗಳಲ್ಲಿ ಈ 'ಹತ್ತು'ವನ್ನು ಗ್ರಾಮ್ಯವೆಂದು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದೆ. ಹಳ್ಳಿಯ ಮಾತಿಗೆ ಕಾವ್ಯದ ಮರ್ಯಾದೆ ತಂದ ಆನಂದಕಂದ ಬೆಟಗೇರಿ ಕೃಷ್ಣಶರ್ಮರು ಇದೇ ಗೋಕಾಕ ತಾಲೂಕಿನವರು. ಅವರ ಪದ್ಯಗಳನ್ನು ಪಾಠ ಹೇಳಿದ ತಾಸಿನಲ್ಲಿಯೇ ನಾನು ಈ ಕೆಲಸ ಮಾಡಿದ್ದೂ ಉಂಟು.

ಯಂತ್ರಗಳ ಜೊತೆಗೆ ಇನ್ನೊಂದು ವಿನೋದ ನಡೆಯಿತು. ಗೋಕಾಕ ಜಲಪಾತದ ನೀರಿನ ಬಲದಿಂದ 19ನೆಯ ಶತಮಾನದ ಕೊನೆಯಲ್ಲಿಯೇ ನೂಲಿನ ಗಿರಣಿ ತಿರುಗತೊಡಗಿತ್ತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ವಿದ್ಯುತ್ತು ಹೊಲದ ಬಾವಿಯವರೆಗೆ ಬಂದಂತೆ 'ಸ್ವಿಚ್ ಆನ್', 'ಸ್ವಿಚ್ ಆಫ್' ಎಂಬ ಮಾತುಗಳೂ ಬಂದವು. ನಮ್ಮ ರೈತ ಏನು ಮಾಡಿದ? ತಲೆಯನ್ನು ಬಿಟ್ಟು ಬಾಲವನ್ನು ಇಟ್ಟುಕೊಂಡ! 'ಮೋಟಾರ ಆನ್ ಮಾಡು', 'ಆಫ್ ಮಾಡಿಬಿಡು' ಎಂದ. ಇಂಗ್ಲಿಷಿನ ಬಾಲ ಕನ್ನಡದ 'ಮಾಡು'ವಿಗೆ ತಲೆಯಾಯಿತು. ಆಸ್ಪತ್ರೆಗೆ ಹೋದ ಅಜ್ಜಿ 'ಚೆಕಪ್ ಮಾಡಿಸಿಕೊಂಡು ಬಂದೆ' ಎನ್ನುವಾಗ 'ಅಪ್', 'ಮಾಡಿಸು', 'ಕೊಳ್', 'ಬಾ' ನಾಲ್ಕೂ ಒಂದರ ಬೆನ್ನಿಗೊಂದು ಸಾಲುಗಟ್ಟುತ್ತವೆ. ವ್ಯಾಕರಣ ಓದದ ಅಜ್ಜಿ ಎಲ್ಲಿಯೂ ತಡವರಿಸುವುದಿಲ್ಲ.

ಈಗ ಅಂಥ ತಾಸು ನನ್ನ ಪಾಲಿಗೆ ಬಂದರೆ ಪುಸ್ತಕದ ಪಟ್ಟಿಯನ್ನು ಮುಚ್ಚಿಸುತ್ತೇನೆ. 'ಮನೆಯಲ್ಲಿ ಅಜ್ಜಿಗೆ ಇದನ್ನು ಹೇಗೆ ಹೇಳುತ್ತೀರಿ?' ಎಂದು ಕೇಳುತ್ತೇನೆ. 'ಲುಕ್ ಆಫ್ಟರ್' ಎಂದರೆ 'ನೋಡಿಕೊ' ಎಂದು ನಾಲ್ಕಾರು ಕೈಗಳು ಮೇಲೇಳುತ್ತವೆ. ಎಲ್ಲದಕ್ಕೂ ಹೀಗೆ ಜೊತೆ ಸಿಗುವುದಿಲ್ಲ. ಸಿಗದ ಕಡೆ ಬಾಯಿಪಾಠ ತಪ್ಪದು. ಮೊನ್ನೆ 'ಹಿ ಟರ್ನ್ಡ್ ಅಪ್ ಅಟ್ ಮಿಡ್‌ನೈಟ್' ಎಂದು ಹಲಗೆಯ ಮೇಲೆ ಬರೆದೆ. ಪಟ್ಟಿಯಲ್ಲಿ 'ಆಗಮಿಸಿದನು' ಎಂದಿತ್ತು. ಹುಕ್ಕೇರಿಯ ಕಡೆಯ ಹುಡುಗನೊಬ್ಬ ಹಿಂದಿನ ಸಾಲಿನಿಂದ ಎದ್ದು, 'ನಡುರಾತ್ರ್ಯಾಗ ಬಂದ ನಿಂತಾನ್ರೀ, ಸರ' ಎಂದ. ಯಾರೂ ನಗಲಿಲ್ಲ. ಅವನ ವಾಕ್ಯವನ್ನೇ ಹಲಗೆಯ ಮೇಲೆ ಬರೆದೆ.