ಮಾಯಾ ನೀಲಿ: ಒಂದು ಸಂಕರ ದ್ರವ್ಯದ ಇತಿಹಾಸ

ಎರಡು ಭಿನ್ನಜಾತಿಯ ಪದಾರ್ಥಗಳು ಕೂಡಿದಾಗ, ಆ ಕೂಟದಲ್ಲಿ ಎರಡರಲ್ಲಿಯೂ ಇಲ್ಲದ ಗುಣವೊಂದು ತಲೆದೋರುವುದುಂಟು. ಹಳದಿಯಾದ ಅರಿಸಿನವೂ ಬಿಳಿಯಾದ ಸುಣ್ಣವೂ ಕೂಡಿ ಕೆಂಪಾದ ಓಕುಳಿಯಾಗುವುದು ಎಲ್ಲರೂ ಕಂಡ ಸಂಗತಿಯೇ. ಜೈವಿಕ ಮೂಲದ ಪದಾರ್ಥವೂ ಖನಿಜವೂ ಅಣುಗಳ ಮಟ್ಟದಲ್ಲಿ ಹೆಣೆದುಕೊಂಡು ಉಂಟಾಗುವ ವಸ್ತುಗಳನ್ನು ಇಂದಿನ ರಸಾಯನಶಾಸ್ತ್ರಜ್ಞರು ಸಂಕರ ದ್ರವ್ಯಗಳೆಂದು ಕರೆಯುವರು. ಇಂತಹ ದ್ರವ್ಯಗಳೆಲ್ಲವೂ ಇತ್ತೀಚಿನ ಪ್ರಯೋಗಶಾಲೆಗಳ ಸೃಷ್ಟಿಯೆಂಬ ಭಾವನೆ ಸಾಮಾನ್ಯವಾಗಿ ಪ್ರಚಾರದಲ್ಲಿದೆ. ಅದು ಸರಿಯಲ್ಲವೆಂಬುದಕ್ಕೆ ಮಧ್ಯ ಅಮೆರಿಕದ ಮಾಯಾ ಜನಾಂಗದವರು ಬಳಸಿದ ಒಂದು ನೀಲವರ್ಣವೇ ಸಾಕ್ಷಿಯಾಗಿದೆ. ಇಲ್ಲಿ 'ಮಾಯಾ' ಎಂಬುದು ಆ ಜನಾಂಗದ ಹೆಸರೇ ಹೊರತು ವೇದಾಂತಿಗಳ ಮಾಯೆಯಲ್ಲವೆಂಬುದನ್ನು ವಾಚಕರು ನೆನಪಿಡಬೇಕು. ಆ ವರ್ಣದ ಸ್ವರೂಪವನ್ನು ವಿದ್ವಾಂಸರು ಹೇಗೆ ಕಂಡುಕೊಂಡರೆಂಬುದನ್ನೂ, ಆ ಶೋಧನೆಯಿಂದ ನಾವು ಕಲಿಯಬೇಕಾದುದೇನೆಂಬುದನ್ನೂ ಇಲ್ಲಿ ವಿಚಾರಮಾಡಲಾಗುವುದು.

೧. ಸಮಸ್ಯೆಯ ಉದಯ

ಯುಕಟಾನ್ ಪ್ರಾಂತದ ಚಿಚೆನ್ ಇಟ್ಜಾ ಎಂಬಲ್ಲಿ 'ಯೋಧರ ದೇವಾಲಯ'ವೆಂದು ಪ್ರಸಿದ್ಧವಾದ ಕಟ್ಟಡವೊಂದಿದೆ. ಅದರ ಭಿತ್ತಿಚಿತ್ರಗಳ ಬಣ್ಣಗಳನ್ನು ಪರೀಕ್ಷಿಸಿದ ಎಚ್. ಇ. ಮರ್ವಿನ್ ಎಂಬವರು ೧೯೩೧ರಲ್ಲಿ ಅಲ್ಲಿಯ ನೀಲಿಯು ಅದುವರೆಗೆ ತಿಳಿದ ಯಾವ ನೀಲಿಗೂ ಹೋಲದೆಂಬುದನ್ನು ಗಮನಿಸಿದರು. ೧೯೪೨ರಲ್ಲಿ ಗೆಟನ್ಸ್ ಮತ್ತು ಸ್ಟೌಟ್ ಎಂಬ ವಿದ್ವಾಂಸರು ಅದಕ್ಕೆ 'ಮಾಯಾ ನೀಲಿ' ಎಂದು ಹೆಸರಿಟ್ಟರು. ಎಂಟನೆಯ ಶತಮಾನದ ಅಂತ್ಯದ ಬೊನಾಂಪಾಕ್ ಚಿತ್ರಗಳಲ್ಲಿಯೂ, ಸ್ಪೇನಿನವರು ಬಂದ ತರುವಾಯ ೧೬ನೆಯ ಶತಮಾನದಲ್ಲಿ ಕಟ್ಟಿದ ಕ್ರೈಸ್ತಮಠಗಳ ಗೋಡೆಗಳಲ್ಲಿಯೂ ಇದೇ ವರ್ಣವು ದೊರೆತಿದೆ.

ಪ್ರಾಚೀನರಿಗೆ ನೀಲವರ್ಣವು ಸುಲಭವಾಗಿ ದೊರೆಯುವಂತಹುದಾಗಿರಲಿಲ್ಲ. ಅಜಂತೆಯ ಚಿತ್ರಕಾರರು ದೂರದ ಬಡಾಖ್‌ಶಾನ್ ಸೀಮೆಯ ರಾಜಾವರ್ತಶಿಲೆಯನ್ನು ಅರೆದು ಬಳಸಿದರೆಂಬುದನ್ನು ನೆನೆದರೆ ಇದು ಸ್ಪಷ್ಟವಾಗುವುದು. ಮಾಯಾ ನೀಲಿಯಲ್ಲಿಯಾದರೋ ರಾಜಾವರ್ತವಿರಲಿಲ್ಲ. ತಾಮ್ರದ ಖನಿಜವೂ ಇರಲಿಲ್ಲ. ಅಷ್ಟೇ ಅಲ್ಲದೆ, ಬಿಸಿ ನೈಟ್ರಿಕ್ ಆಮ್ಲದಲ್ಲಿ ಇಟ್ಟರೂ, ಕ್ಷಾರದಲ್ಲಿ ನೆನೆಸಿದರೂ, ಬಣ್ಣಗಳನ್ನು ಕರಗಿಸುವ ದ್ರಾವಕಗಳನ್ನು ಸುರಿದರೂ ಅದು ಮಾಸುತ್ತಿರಲಿಲ್ಲ.

ಸಸ್ಯಮೂಲವಾದ ನೀಲಿಯನ್ನು ಗುರುತಿಸುವುದಕ್ಕೆ ನೈಟ್ರಿಕ್ ಆಮ್ಲವೇ ರೂಢಿಯ ಪರೀಕ್ಷೆಯಾಗಿತ್ತು. ಆ ಆಮ್ಲದ ಹನಿ ತಗುಲಿದೊಡನೆಯೇ ಗಿಡದ ನೀಲಿಯು ಕೆಟ್ಟು ಹಳದಿಯಾಗುವುದು. ಮಾಯಾ ನೀಲಿಯು ಹಾಗೆ ಆಗಲಿಲ್ಲವಾದುದರಿಂದ ಅದರಲ್ಲಿ ಸಸ್ಯಾಂಶವಿಲ್ಲ, ಅದು ಕೇವಲ ಖನಿಜವೇ ಸರಿ, ಎಂದು ಊಹಿಸುವುದು ಸಹಜವಾಗಿತ್ತು. ಪರೀಕ್ಷೆ ಸರಿಯಾದುದೇ, ಅದರಿಂದ ತೆಗೆದ ನಿರ್ಣಯ ಮಾತ್ರ ತಪ್ಪಾಯಿತು.

೨. ಜೇಡಿಯೂ ನೀಲಿಯೂ

೧೯೬೨ರಲ್ಲಿ ಗೆಟನ್ಸ್ ಅವರು ಕ್ಷ-ಕಿರಣಗಳ ಸಹಾಯದಿಂದ ಈ ವರ್ಣದ ಮುಖ್ಯಭಾಗವು ಪ್ಯಾಲಿಗೋರ್ಸ್ಕೈಟ್ ಎಂಬ ಜೇಡಿಮಣ್ಣೆಂದು ತೋರಿಸಿದರು. ಆದರೆ ಆ ಮಣ್ಣು ಬಿಳಿಯದು. ಅದಕ್ಕೆ ನೀಲಿ ಎಲ್ಲಿಂದ ಬಂತೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದೇ ವರ್ಷ ಅನಾ ಶೆಪರ್ಡ್ ಅವರು, ಜೇಡಿಯೊಡನೆ ಸಸ್ಯವರ್ಣವೊಂದು ಕೂಡಿರಬಹುದೆಂಬ ಪಕ್ಷವನ್ನು ಮಂಡಿಸಿದರು. ೧೯೬೬ರಲ್ಲಿ ವ್ಯಾನ್ ಓಲ್ಫೆನ್ ಅವರು ಇದನ್ನು ಪ್ರಯೋಗದಿಂದ ಸಮರ್ಥಿಸಿದರು. ಪ್ಯಾಲಿಗೋರ್ಸ್ಕೈಟಿಗೆ ಸ್ವಲ್ಪ ನೀಲಿಯನ್ನು ಬೆರಸಿ, ನೂರು ಡಿಗ್ರಿ ಸೆಂಟಿಗ್ರೇಡಿಗಿಂತ ತುಸು ಹೆಚ್ಚಿನ ಶಾಖದಲ್ಲಿ ಬಹುಕಾಲ ಕಾಯಿಸಿದಾಗ, ಆಮ್ಲಕ್ಕೆ ಜಗ್ಗದ ವರ್ಣವು ದೊರೆಯಿತು. ಕಾಯಿಸದ ಮಿಶ್ರಣಕ್ಕೆ ಆ ಶಕ್ತಿ ಬರಲಿಲ್ಲ. ಹಾಳೆಹಾಳೆಯಾದ ರಚನೆಯುಳ್ಳ ಇತರ ಜೇಡಿಗಳಿಂದಲೂ ಆ ಫಲ ಸಿದ್ಧಿಸಲಿಲ್ಲ.

ಇದರ ಕಾರಣವು ಆ ಮಣ್ಣಿನ ರಚನೆಯಲ್ಲಿದೆ. ಪ್ಯಾಲಿಗೋರ್ಸ್ಕೈಟು ಸೂಜಿಯಂತಹ ಎಳೆಗಳಿಂದ ಕೂಡಿದ ಮೆಗ್ನೀಷಿಯಂ–ಅಲ್ಯುಮಿನಿಯಂ ಸಿಲಿಕೇಟು. ಅದರ ಎಳೆಗಳ ಉದ್ದಕ್ಕೂ ಅತಿಸೂಕ್ಷ್ಮವಾದ ನಾಳಗಳಿರುವುವು. ಅವುಗಳ ಅಳತೆ ಸುಮಾರು ೬.೪ × ೩.೭ ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಸಾಧಾರಣವಾಗಿ ಈ ನಾಳಗಳಲ್ಲಿ ನೀರು ತುಂಬಿರುವುದು. ಕಾಯಿಸಿದಾಗ ನೀರು ಹೊರಟುಹೋಗಿ, ಚಪ್ಪಟೆಯಾದ ನೀಲಿಯ ಅಣುವಿಗೆ ಎಡೆ ದೊರೆಯುವುದು; ಅಲ್ಲಿ ಅದು ಮಣ್ಣಿನೊಡನೆ ಬಂಧನಕ್ಕೊಳಗಾಗುವುದು. ಅಣುವು ನಾಳದ ಒಳಗೇ ಸೇರುವುದೆಂದು ಕೆಲವರೂ, ನಾಳದ ಬಾಯಿಯನ್ನು ಮುಚ್ಚಿ ನಿಲ್ಲುವುದೆಂದು ಕೆಲವರೂ, ಎಳೆಯ ಹೊರಮೈಯ ತೋಡುಗಳಲ್ಲಿ ನೆಲೆಸುವುದೆಂದು ಮತ್ತೆ ಕೆಲವರೂ ವಾದಿಸಿರುವರು. ಮೂರು ಪಕ್ಷಗಳಲ್ಲಿಯೂ ಸಮಾನವಾದ ಅಂಶವೊಂದುಂಟು: ಮಣ್ಣು ನೀಲಿಗೆ ಕವಚವಾಗುವುದು. ನೀಲಿಯ ಪ್ರಮಾಣ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚಿರುವುದಿಲ್ಲ. ಕೂಟವಾದ ಮೇಲೆ ನೀಲಿಯ ಕಪ್ಪುಛಾಯೆ ಅಳಿದು, ಹಸುರು ಬೆರೆತ ತಿಳಿನೀಲಿಯು ಕಾಣಿಸುವುದು.

೧೯೯೬ರಲ್ಲಿ ಹೋಸೆ ಯಾಕಮಾನ್ ಮತ್ತು ಅವರ ಸಹಕಾರಿಗಳು, ಈ ವರ್ಣದಲ್ಲಿರುವ ಲೋಹದ ಅತಿಸೂಕ್ಷ್ಮ ಕಣಗಳೂ ಅದರ ಬಣ್ಣಕ್ಕೆ ಕಾರಣವಾಗಿರಬಹುದೆಂದು ಸೂಚಿಸಿದರು. ಆದರೆ ಶುದ್ಧವಾದ ಜೇಡಿ ಮತ್ತು ನೀಲಿಗಳಿಂದಲೇ ಅಂತಹ ವರ್ಣವು ಸಿದ್ಧವಾಗುವುದರಿಂದ, ಆ ಕಣಗಳು ಅವಶ್ಯಕವೆಂದು ಹೇಳಲಾಗದು.

೩. ಜನರೂ ವಿಧಾನವೂ

ಪ್ರಯೋಗಶಾಲೆಯಲ್ಲಿ ಸಾಧ್ಯವಾದುದೆಲ್ಲವೂ ಪೂರ್ವಿಕರು ಮಾಡಿದುದಕ್ಕೆ ಪ್ರಮಾಣವಾಗಲಾರದು. ಆದುದರಿಂದ ಅಲ್ಲಿಯ ನೆಲದ ಸಾಕ್ಷ್ಯವನ್ನೂ ನೋಡಬೇಕು. ಯುಕಟಾನಿನ ಸಕಲುಮ್ ಎಂಬ ಊರಿನಲ್ಲಿ ಈ ಜೇಡಿಯನ್ನು ಅಗೆದು ತೆಗೆಯುತ್ತಿದ್ದರೆಂಬುದನ್ನೂ, ಮಾಯಾ ಭಾಷೆಯಲ್ಲಿ ಅದಕ್ಕೆ 'ಬಿಳಿಯ ಮಣ್ಣು' ಎಂಬರ್ಥದ ಹೆಸರಿರುವುದನ್ನೂ ಡೀನ್ ಆರ್ನಲ್ಡ್ ಎಂಬ ಮಾನವಶಾಸ್ತ್ರಜ್ಞರು ಕುಂಬಾರರ ನಡುವೆ ಇದ್ದು ತಿಳಿದುಕೊಂಡರು. ಚಿಚೆನ್ ಇಟ್ಜಾದ ಪವಿತ್ರ ಕೊಳದಿಂದ ೧೯೦೪ರಲ್ಲಿ ಎತ್ತಿದ, ಚಿಕಾಗೋ ನಗರದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿರುವ ಮೂರು ಕಾಲಿನ ಬಟ್ಟಲೊಂದರಲ್ಲಿ ಕೋಪಾಲ್ ಎಂಬ ಧೂಪದ ರಾಳವಿತ್ತು. ಆ ರಾಳದಲ್ಲಿ ಬಿಳಿಯ ಜೇಡಿಯೂ ನೀಲಿಯೂ ಇರುವುದನ್ನು ಆರ್ನಲ್ಡ್ ಮತ್ತು ಅವರ ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದರು. ಧೂಪವನ್ನು ಉರಿಸುವ ಶಾಖದಿಂದಲೇ ವರ್ಣವನ್ನು ಸಿದ್ಧಪಡಿಸುತ್ತಿದ್ದರೆಂಬುದು ಅವರ ಮತ.

ಆ ಕೊಳದ ತಳದಲ್ಲಿ ಸುಮಾರು ೧೪ ಅಡಿ ದಪ್ಪದ ನೀಲಿ ಕೆಸರಿತ್ತೆಂದು ಹೇಳಲಾಗಿದೆ. ಬಲಿಗೊಡುವ ಮನುಷ್ಯರಿಗೆ ನೀಲಿಯನ್ನು ಬಳಿಯುತ್ತಿದ್ದರೆಂದು ಡಿಯೇಗೊ ದ ಲಾಂಡಾ ಎಂಬ ಪಾದ್ರಿಯು ೧೬ನೆಯ ಶತಮಾನದಲ್ಲಿ ಬರೆದಿರುವನು. ಮಾಯಾ ಗ್ರಂಥಗಳನ್ನು ಸುಡಿಸಿದವನೂ ಇವನೇ ಆದುದರಿಂದ ಇವನ ಮಾತನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಆದರೂ ಕೆಸರೂ ಬಟ್ಟಲೂ ಆ ಮಾತಿಗೆ ಇಂಬುಕೊಡುತ್ತಿವೆ. ಇಷ್ಟಾದರೂ ಬಟ್ಟಲೊಂದೇ, ಅದು ಆ ಕೊಳದ ಬಳಿ ನಡೆದ ವಿಧಾನವನ್ನು ತಿಳಿಸಬಲ್ಲುದೇ ಹೊರತು, ಮಾಯಾ ನಾಡಿನಲ್ಲೆಲ್ಲ ಅದೇ ಕ್ರಮವಿತ್ತೆಂದು ಸಾಧಿಸಲಾರದು.

ನಮಗೂ ಈ ಕಥೆಗೂ ಒಂದು ಸಂಬಂಧವುಂಟು. ಅಮೆರಿಕದ ನೀಲಿಗಿಡವು ನಮ್ಮ ನೀಲಿಗಿಡದ ಕುಲಕ್ಕೆ ಸೇರಿದುದಾದರೂ ಬೇರೆಯ ಜಾತಿ. ಅದು ಇಲ್ಲಿಂದ ಹೋದುದಲ್ಲ. ಆದರೆ ಸ್ಪೇನಿನವರು ಅದಕ್ಕೆ ಕೊಟ್ಟ 'ಅನ್ಯಿಲ್' ಎಂಬ ಹೆಸರು ನಮ್ಮ 'ನೀಲ' ಶಬ್ದದಿಂದಲೇ ಅರಬರ ಮೂಲಕ ಬಂದುದು. ಗಿಡ ಅಲ್ಲಿಯದು, ಹೆಸರು ಇಲ್ಲಿಯದು. ಹೆಸರಿನ ಪ್ರಯಾಣವನ್ನು ವಸ್ತುವಿನ ಪ್ರಯಾಣವೆಂದು ಭ್ರಮಿಸಬಾರದೆಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

೪. ಉಪಸಂಹಾರ

ಮಾಯಾ ಕುಶಲಿಗಳಿಗೆ ಅಣುವಿನ ಕಲ್ಪನೆ ಇತ್ತೆಂದು ಹೇಳುವುದು ಅತ್ಯುಕ್ತಿ. ಅವರ ಸಿದ್ಧಿಯನ್ನು ಕೇವಲ ಆಕಸ್ಮಿಕವೆನ್ನುವುದೂ ಅನ್ಯಾಯ. ತಕ್ಕ ಜೇಡಿಯನ್ನು ಆರಿಸಿ, ತಕ್ಕಷ್ಟು ಶಾಖವನ್ನು ಕೊಟ್ಟು, ಶತಮಾನಗಳ ಕಾಲ ಒಂದೇ ವರ್ಣವನ್ನು ಪಡೆದುದು ಪರಂಪರೆಯಿಂದ ಬಂದ ಜ್ಞಾನವೇ ಸರಿ. ಬಿಡಿಬಿಡಿಯಾದ ಅಂಗಗಳ ಗುಣಗಳಿಂದ ಕೂಟದ ಗುಣವನ್ನು ನಿರ್ಣಯಿಸಲು ಹೋದುದರಿಂದಲೇ ವಿದ್ವಾಂಸರಿಗೆ ಇದರ ಮರ್ಮ ಬಹುಕಾಲ ಮರೆಯಾಗಿತ್ತು. ನಮ್ಮ ಪ್ರಾಚೀನರ ಗಾರೆ, ಲೇಪ, ವರ್ಣಗಳನ್ನು ಪರೀಕ್ಷಿಸುವವರೂ ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಡುವುದು ಯುಕ್ತ. ಪರೀಕ್ಷೆಗೆ ಸಿಗದ ಅಂಶವು ಅಲ್ಲಿಲ್ಲವೆಂದು ನಿರ್ಧರಿಸುವುದಕ್ಕೆ ಮೊದಲು, ಅದು ಮತ್ತೊಂದರ ಮರೆಯಲ್ಲಿ ಅಡಗಿರಬಹುದೇ ಎಂದು ವಿಚಾರಿಸಬೇಕು.