ಐನೂರು ಅಂದ್ರೆ ದಂಡ ಅಲ್ಲ

ಹೋದ ವರ್ಷ ಊರಿಂದ ಅಪ್ಪ ಫೋನ್ ಮಾಡಿದ್ರು. ಇನ್ಶೂರೆನ್ಸ್ ಕಂತು ಕಟ್ಟೋಕೆ ಅವತ್ತೇ ಕೊನೇ ದಿನ. "ಮೊಬೈಲಲ್ಲಿ ಕಟ್ಟಿದೆ ಕಣೋ, ಏನೋ ಐನೂರು ಅಂತ ತೋರಿಸ್ತದೆ. ದಂಡ ಹಾಕವ್ರಾ?"

ಮೊದಲು ನಗು ಬಂತು. ಆಮೇಲೆ ಅಪ್ಪ ಕೇಳಿದ ಎರಡನೇ ಪ್ರಶ್ನೆಗೆ ನಗು ನಿಂತುಹೋಯ್ತು: "ಇನ್ನೊಂದ್ಸಲ ಕಟ್ಲಾ, ಬೇಡ್ವಾ?" ಬಿಇ ಓದಿ, ಎಪಿಐ ಬರೆದು ಸಂಬಳ ತಗೊಳ್ಳೋ ನನ್ನ ಹತ್ರ ಇದಕ್ಕೆ ಉತ್ತರ ಇರಲಿಲ್ಲ. ಪರದೆ ಮೇಲೆ ಇದ್ದಿದ್ದು 'ಇಂಟರ್ನಲ್ ಸರ್ವರ್ ಎರರ್', ಅಷ್ಟೇ.

ಆ ಮೂರಂಕಿ ವೆಬ್‌ಗಿಂತ ಹಳೇದು. 1970ರ ದಶಕದ ಶುರುವಿನಲ್ಲಿ ಅರ್ಪಾನೆಟ್ ಮೇಲೆ ಫೈಲ್ ಸಾಗಿಸೋಕೆ ಎಫ್‌ಟಿಪಿ ರೂಪುಗೊಳ್ಳುತ್ತಿದ್ದಾಗಲೇ ಸರ್ವರ್ ಮೂರಂಕಿಯಲ್ಲಿ ಉತ್ತರ ಕೊಡುವ ಪದ್ಧತಿ ಬಂದಿತ್ತು. 1974ರ ಜೂನ್‌ನಲ್ಲಿ ಜಾನ್ ಪೋಸ್ಟೆಲ್ ಆರ್‌ಎಫ್‌ಸಿ 640ರಲ್ಲಿ ಅದನ್ನು ತಿದ್ದಿ ಅಚ್ಚುಕಟ್ಟು ಮಾಡಿದರು. ಮೊದಲ ಅಂಕಿ 4 ಅಂದ್ರೆ, ಸದ್ಯಕ್ಕೆ ಆಗಲಿಲ್ಲ, ಇದನ್ನೇ ಮತ್ತೆ ಕಳಿಸಿ ನೋಡು. 5 ಅಂದ್ರೆ, ಹೀಗೇ ಎಷ್ಟು ಸಲ ಕಳಿಸಿದರೂ ಪ್ರಯೋಜನ ಇಲ್ಲ. 1982ರಲ್ಲಿ ಈಮೇಲ್‌ನ ಎಸ್‌ಎಂಟಿಪಿ ಇದನ್ನೇ ತಗೊಂಡಿತು. ಇವತ್ತಿಗೂ ಮೇಲ್ ಬೌನ್ಸ್ ಆದಾಗ ಕಾಣೋ 550 ಈ ಮನೆತನದ್ದೇ.

1991ರಲ್ಲಿ ಟಿಮ್ ಬರ್ನರ್ಸ್-ಲೀ ವಿವರಿಸಿದ ಮೊದಲ ಎಚ್‌ಟಿಟಿಪಿಯಲ್ಲಿ ಮಾತ್ರ ಸಂಖ್ಯೆಯೇ ಇರಲಿಲ್ಲ. ತಪ್ಪಾದರೂ ಒಂದು ಪುಟವೇ ಬರುತ್ತಿತ್ತು, ಓದುವವನು ಓದಿ ತಿಳ್ಕೋಬೇಕು. ಆಚೆ ಕಡೆ ಕೂತಿರೋದು ಮನುಷ್ಯ ಅನ್ನೋ ನಂಬಿಕೆ. 1996ರ ಮೇ ತಿಂಗಳ ಎಚ್‌ಟಿಟಿಪಿ 1.0 ದಾಖಲೆಯಲ್ಲಿ 500, 501, 502, 503 ಇವೆ. ಅಂಕಿಗಳು ಉಳಿದವು, ಅರ್ಥ ಬದಲಾಯ್ತು: 4 ಕೇಳಿದವನ ತಪ್ಪು, 5 ಕೊಡುವವನ ತಪ್ಪು. 'ಮತ್ತೆ ಕಳಿಸಲಾ?' ಅನ್ನೋ ಪ್ರಶ್ನೆಯ ಜಾಗದಲ್ಲಿ 'ತಪ್ಪು ಯಾರದು?' ಬಂದು ಕೂತಿತು. ನನಗನಿಸೋದು, ನಷ್ಟ ಆಗಿದ್ದು ಅಲ್ಲೇ. ತಪ್ಪು ಯಾರದಾದರೆ ಅಪ್ಪನಿಗೇನು? 503 ಜೊತೆ 'ಇಷ್ಟು ಹೊತ್ತು ಬಿಟ್ಟು ಬಾ' ಅಂತ ಹೇಳೋಕೆ ರಿಟ್ರೈ-ಆಫ್ಟರ್ ಹೆಡರ್ ಇದೆ, ನಿಜ. ನಾನಂತೂ ಅಲ್ಲಿವರೆಗೆ ಒಂದು ಸಲಾನೂ ಕಳಿಸಿರಲಿಲ್ಲ.

ಪ್ರೋಗ್ರಾಮ್‌ಗಳೇ ಪರಸ್ಪರ ಮಾತಾಡೋಕೆ ಶುರು ಮಾಡಿದ ಮೇಲೆ ಗೊಂದಲ ಇನ್ನೂ ಜಾಸ್ತಿ. 1999ರ ಎಕ್ಸ್‌ಎಂಎಲ್-ಆರ್‌ಪಿಸಿ ವಿವರಣೆ, ತಪ್ಪಾದರೂ 200 ಓಕೆ ಅನ್ನು, ತಪ್ಪನ್ನು ಒಳಗಿಡು ಅಂತು. ಮರುವರ್ಷವೇ ಸೋಪ್ 1.1 ಬಂದು, ತಪ್ಪು ಯಾರದೇ ಇರಲಿ 500 ಅನ್ನು ಅಂತು. ಕೊನೆಗೆ 2016ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 7807 ಬಂದು, ತಪ್ಪನ್ನು ಹೇಳೋಕೆ ಒಂದು ಜೇಸನ್ ಅಚ್ಚು ಕೊಟ್ಟಿತು: ಯಾವ ಬಗೆಯ ತೊಂದರೆ, ಶೀರ್ಷಿಕೆ, ವಿವರ, ಮತ್ತು ಈ ಒಂದು ಘಟನೆಗೇ ಸೇರಿದ ಗುರುತು. ಇದು ಸರ್ವರ್‌ನ ಹೊಟ್ಟೆ ಬಗೆದು ತೋರಿಸೋ ಡೀಬಗ್ ಸಾಧನ ಅಲ್ಲ ಅನ್ನೋ ಎಚ್ಚರಿಕೆಯೂ ಅದರಲ್ಲೇ ಇದೆ. 2023ರಲ್ಲಿ ಇದರ ಜಾಗಕ್ಕೆ 9457 ಬಂತು.

ಇಷ್ಟೆಲ್ಲ ಓದಿದ್ದು ಅಪ್ಪನ ಫೋನ್ ಆದಮೇಲೆ. ಮಾರನೇ ದಿನ ನನ್ನದೇ ಕೋಡ್ ತೆಗೆದು ನೋಡಿದೆ. ಒಂದು ಕಡೆ ಕ್ಯಾಚ್ ಬ್ಲಾಕ್‌ನಲ್ಲಿ ಎಕ್ಸೆಪ್ಶನ್ ನುಂಗಿ ಖಾಲಿ 200 ಕಳಿಸಿದ್ದೆ. ಡೇಟಾಬೇಸ್ ಬಿದ್ದಿದ್ದರೂ ಆ್ಯಪ್‌ನಲ್ಲಿ ಹಸಿರು ಟಿಕ್ ಬರುತ್ತಿತ್ತು. ಅಪ್ಪನಿಗೆ 500 ಆದರೂ ಬಂತು, ನನ್ನ ಗ್ರಾಹಕರಿಗೆ ಸುಳ್ಳು ಹೋಗಿತ್ತು. ಈಗ ಅಲ್ಲಿ 503 ಹೋಗುತ್ತೆ, ಜೊತೆಗೊಂದು ಗುರುತಿನ ಸಂಖ್ಯೆ. ಸ್ಟ್ಯಾಕ್ ಟ್ರೇಸ್ ಅದೇ ಸಂಖ್ಯೆಯ ಜೊತೆ ನಮ್ಮ ಲಾಗ್‌ನಲ್ಲಿ ಉಳಿಯುತ್ತೆ. ಒಂದೇ ಪಾವತಿ ಎರಡು ಸಲ ಬಂದರೆ ಎರಡನೇದಕ್ಕೆ ಮೊದಲಿನ ಉತ್ತರವನ್ನೇ ಕೊಡೋ ಹಾಗೂ ಮಾಡಿದೆ. ಅದಕ್ಕೇ ನಾಲ್ಕು ದಿನ ಹಿಡೀತು.

ಅಪ್ಪ ನನ್ನ ಉತ್ತರಕ್ಕೆ ಕಾಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ತಾಲ್ಲೂಕಿಗೆ ಹೋಗಿ, ಕೌಂಟರ್‌ನಲ್ಲಿ ನಗದು ಕಟ್ಟಿ ರಸೀದಿ ಜೇಬಿಗಿಟ್ಟುಕೊಂಡು ಬಂದರು. ಮೊಬೈಲಲ್ಲಿ ಕಟ್ಟಿದ್ದು ಐದನೇ ದಿನ ವಾಪಸ್ ಬಂತು.