ಹುರುಪಿನ ಶಾಸ್ತ್ರವೂ ಕಲಬುರಗಿಯ ಮೆಟ್ಟಿಲುಗಳೂ

ಮನುಷ್ಯನು ಉತ್ಸಾಹಗುಂದದೆ ದುಡಿದು ತನ್ನ ವೃತ್ತಿಯಲ್ಲಿ ಮೇಲೇರುವುದು ಹೇಗೆಂಬ ಪ್ರಶ್ನೆಯನ್ನು ಶಾಸ್ತ್ರವಾಗಿ ಕಟ್ಟಿದವರು ಪಾಶ್ಚಾತ್ಯರೆಂಬುದು ನಿಜವಾದರೂ, ಅದರ ಒಂದು ಮುಖದ ವಿಚಾರವು ಕಲಬುರಗಿಯ ನೆರೆಯಲ್ಲಿಯೇ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದುಹೋಗಿತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಅಧಿಕವಾಗಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಮಡದಿ ಲಕ್ಕಮ್ಮನು ಅವನನ್ನು ಹಿಂದಕ್ಕಟ್ಟಿದಳೆಂದು ಶರಣಚರಿತೆಗಳು ಅರುಹುತ್ತವೆ. ಇಂದಿನ ಕಾರ್ಖಾನೆಯ ಯಜಮಾನನಿಗೆ ಈ ಸಾಧ್ವಿಯ ಮಾತು ಪಥ್ಯವಾಗಲಾರದು.

ಮೊತ್ತದ ಲೆಕ್ಕವನ್ನು ಶಾಸ್ತ್ರಪೀಠಕ್ಕೇರಿಸಿದವನು ಅಮೆರಿಕದ ಫ್ರೆಡರಿಕ್ ಟೇಲರ್. ದಿನಕ್ಕೆ 12½ ಟನ್ ಕಬ್ಬಿಣದ ಗಟ್ಟಿಗಳನ್ನು ಹೊರುತ್ತಿದ್ದ ಕೂಲಿಕಾರನೊಬ್ಬನಿಗೆ 1.15 ಡಾಲರಿನ ಬದಲು 1.85 ಡಾಲರಿನ ಆಸೆ ತೋರಿ, ನಡೆಯೆಂದಾಗ ನಡೆಯಿಸಿ, ಕೂಡೆಂದಾಗ ಕೂಡಿಸಿ, 47 ಟನ್ ಹೊರಿಸಿದ ವೃತ್ತಾಂತವು ಅವನ 1911ರ ಗ್ರಂಥದಲ್ಲಿದೆ. ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ನೆಹರೂ ಗಂಜಿನಲ್ಲಿ ಒಂದು ಮುಂಜಾನೆ ನಿಂತು ನೋಡಿದವರಿಗೆ ಟೇಲರನನ್ನು ಬಿಡಿಸಿ ಹೇಳಬೇಕಾದುದಿಲ್ಲ. ಲಾರಿಯ ಅಂಚಿಗೆ ಬೆನ್ನೊಡ್ಡಿ, ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಗೋಣಿತಟ್ಟಿನ ಮೇಲೆ ಚೀಲವನ್ನು ಹೊತ್ತು, ಬೆವರೊರೆಸಿಕೊಳ್ಳಲೂ ನಿಲ್ಲದೆ ಅಡತಿ ಅಂಗಡಿಗೆ ಓಡುನಡಿಗೆಯಲ್ಲಿ ಸಾಗುವ ಹಮಾಲನಿಗೆ ಕೂಲಿ ಸಲ್ಲುವುದು ಚೀಲದ ಲೆಕ್ಕದಲ್ಲಿ. ಅವನ ಹುರುಪಿಗೇನೂ ಕೊರತೆಯಿಲ್ಲ. ಆದರೆ ಇಂದು ಎಷ್ಟು ಚೀಲ ಹೊತ್ತರೂ ನಾಳೆಯೂ ಅವನು ಹಮಾಲನೇ.

1924ರಿಂದ 1932ರವರೆಗೆ ಶಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳನ್ನು ಎಲ್ಟನ್ ಮೇಯೊ ಮೊದಲಾದವರು ವ್ಯಾಖ್ಯಾನಿಸಿದ ತರುವಾಯ, ಕೂಲಿಯಂತೆಯೇ ಸಹವಾಸವೂ ಆದರವೂ ದುಡಿಮೆಯನ್ನು ಪ್ರಭಾವಿಸುವುವೆಂಬ ಮತವು ಪ್ರಬಲವಾಯಿತು. 1943ರಲ್ಲಿ ಮ್ಯಾಸ್ಲೋ ಮಾನವನ ಅಗತ್ಯಗಳನ್ನು ಹಸಿವಿನಿಂದ ಆತ್ಮಸಾಕ್ಷಾತ್ಕಾರದವರೆಗೆ ಶ್ರೇಣಿಗೊಳಿಸಿದನು. ಅಂದವಾದ ಶ್ರೇಣಿಯೇ ಹೌದು, ಲಕ್ಕಮ್ಮನ ಮನೆಯಲ್ಲಿ ಮಾತ್ರ ಅದು ತಲೆಕೆಳಗಾಗಿತ್ತು. ಆಕೆಯ ಪಕ್ಷಕ್ಕೆ ಕೊಂಚ ಹತ್ತಿರ ಬಂದವನು 1971ರಲ್ಲಿ ಎಡ್ವರ್ಡ್ ಡೆಸಿ: ಒಗಟು ಬಿಡಿಸುವ ಆಟಕ್ಕೆ ಹಣ ಕೊಟ್ಟು ಬಳಿಕ ನಿಲ್ಲಿಸಿದರೆ, ಮೊದಲಿದ್ದ ಸಹಜಾಸಕ್ತಿಯೂ ಕುಗ್ಗುವುದನ್ನು ಅವನು ತೋರಿಸಿದನು.

ಇವರೆಲ್ಲರಿಗಿಂತ ನಮ್ಮ ಸೀಮೆಗೆ ಒಪ್ಪುವವನು 1964ರ ವಿಕ್ಟರ್ ವ್ರೂಮ್ ಎಂದು ನನ್ನ ಅಭಿಪ್ರಾಯ. ಪಟ್ಟ ಶ್ರಮವು ಕಾರ್ಯವನ್ನು ಸಾಧಿಸೀತು, ಸಾಧಿಸಿದ ಕಾರ್ಯಕ್ಕೆ ಬಯಸಿದ ಫಲ ದೊರೆತೀತು ಎಂಬ ಭರವಸೆಯಿಲ್ಲದಲ್ಲಿ ಪ್ರೇರಣೆಯೂ ಇಲ್ಲವೆಂಬುದು ಅವನ ವಾದದ ತಿರುಳು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿದ್ದು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಉರ್ದುವೇ ಬೋಧನಭಾಷೆಯಾಗಿದ್ದಾಗ, ಕನ್ನಡ ಮನೆಮಾತಿನ ಹುಡುಗನು ಸೋಮಾರಿಯೆಂದು ಬಗೆಯುವುದು ಎಂತಹ ಅನ್ಯಾಯ! ಬಾಗಿಲುಗಳು ಒಂದೊಂದಾಗಿ ತೆರೆದವು: 1948ರ ವಿಮೋಚನೆ, 1956ರ ಏಕೀಕರಣ, 1958ರಲ್ಲಿ ಮಹಾದೇವಪ್ಪ ರಾಂಪೂರೆಯವರ ಮುಂದಾಳ್ತನದಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1980ರ ಗುಲಬರ್ಗಾ ವಿಶ್ವವಿದ್ಯಾಲಯ, ಕೊನೆಗೆ 2012ರ 98ನೆಯ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿ ಮತ್ತು ಅದರನ್ವಯ ದೊರೆತ ಸ್ಥಳೀಯ ಮೀಸಲಾತಿ. ಈ ಬಾಗಿಲುಗಳು ತೆರೆಯುತ್ತಿದ್ದ ನಡುವೆಯೇ ಡೇವಿಡ್ ಮ್ಯಾಕ್‌ಕ್ಲೆಲಂಡ್ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನಾಕಾಂಕ್ಷೆಯ ಶಿಕ್ಷಣವಿತ್ತು, 1969ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಶಿಕ್ಷಣ ಪಡೆದವರು ಇತರರಿಗಿಂತ ಹೆಚ್ಚು ಉದ್ಯಮಶೀಲರಾದರೆಂದು ತೋರಿಸಿದ್ದುಂಟು. ಆದರೆ ಅವರಲ್ಲಿಯೂ ಸ್ವಂತ ನಿರ್ಣಯದ ಅಧಿಕಾರವುಳ್ಳವರಿಗೇ ಆ ಶಿಕ್ಷಣ ಹೆಚ್ಚು ಫಲಿಸಿತು.

ಹುಮನಾಬಾದ್ ರಸ್ತೆಯ ಕಮಲಾಪುರವು ಹೆಸರಾದುದು ಕೆಂಪು ಬಾಳೆಗೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ತಳಿ ಫಲಕ್ಕೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಸಾಮಾನ್ಯ ಬಾಳೆ ಅದಕ್ಕೆ ಎಷ್ಟೋ ಮೊದಲೇ ಗೊನೆ ಬಿಡುವುದು. ‘ಕೈಲಾದಷ್ಟು ಮಾಡು’ ಎಂಬುದಕ್ಕಿಂತ ಖಚಿತವೂ ಕಠಿನವೂ ಆದ ಗುರಿಯೇ ಹೆಚ್ಚು ಕೆಲಸ ತೆಗೆಯುವುದೆಂದು 1968ರಲ್ಲಿ ಎಡ್ವಿನ್ ಲಾಕ್ ಹೇಳಿದುದು ಇಲ್ಲಿನ ರೈತನಿಗೆ ಒಪ್ಪಿಗೆಯಾದೀತು. ಗುರಿ ಇಷ್ಟು ದೂರವಿದ್ದಾಗ ನಡುವಿನ ತಿಂಗಳುಗಳ ಖರ್ಚನ್ನು ತೂಗಿಸುವುದು ಹೇಗೆಂಬುದೇ ಅವನ ಚಿಂತೆ. ಆದುದರಿಂದಲೇ ಅವನ ಮಗನು ಕಲಬುರಗಿಯ ಬಸ್ಸು ಹತ್ತಿ, ವಾಚನಾಲಯದ ಮೇಜಿನ ಮೇಲೆ ಪ್ರಚಲಿತ ವಿದ್ಯಮಾನದ ಮಾಸಿಕಗಳನ್ನು ಹರವಿ, ದಿನಕ್ಕಿಷ್ಟು ಪುಟವೆಂಬ ವೇಳಾಪಟ್ಟಿಯನ್ನು ಚೀಟಿಯಲ್ಲಿ ಬರೆದಿಟ್ಟು ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಾನೆ. ಲಾಕನ ಸೂತ್ರವನ್ನು ಅವನು ಚೆನ್ನಾಗಿಯೇ ಪಾಲಿಸುತ್ತಾನೆ. ವ್ರೂಮನ ಭರವಸೆಯನ್ನು ಒದಗಿಸಬೇಕಾದುದು ಮಾತ್ರ ಅವನಲ್ಲ. 2021ರ ಅಕ್ಟೋಬರಿನಲ್ಲಿ ಪಿಎಸ್‌ಐಯ 545 ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮವು ಇದೇ ಕಲಬುರಗಿಯಲ್ಲಿ ಬೆಳಕಿಗೆ ಬಂದು, ಮರುವರ್ಷ ಇಡೀ ಪರೀಕ್ಷೆಯೇ ರದ್ದಾಗಲು, ನಿಷ್ಕಳಂಕವಾಗಿ ತೇರ್ಗಡೆಯಾಗಿದ್ದವರೂ ಅದೇ ಪುಸ್ತಕಗಳನ್ನು ಮರಳಿ ತೆರೆದು, 2024ರ ಜನವರಿಯ ಮರುಪರೀಕ್ಷೆಯವರೆಗೆ ಕಾಯಬೇಕಾಯಿತು.